1963ರ ಬೀಟಲ್ಸ್ ಸ್ಟೀರಿಯೋ: ಎಡಕಿವಿಗೆ ವಾದ್ಯ, ಬಲಕಿವಿಗೆ ಹಾಡು. ನಡುವಿಗೆ ತರುವುದು ಹೇಗೆ?

ಕುಂಬಳೆ_ಕೋಟೆ:

‘ಪ್ಲೀಸ್ ಪ್ಲೀಸ್ ಮಿ’ ಮತ್ತು ‘ವಿತ್ ದ ಬೀಟಲ್ಸ್’, ಎರಡೂ 1963ರ ಎಲ್‌ಪಿಗಳು. ಕೈಯಲ್ಲಿರುವುದು 2009ರ ಸ್ಟೀರಿಯೋ ಸಿಡಿಯಿಂದ ತೆಗೆದ ಫ್ಲ್ಯಾಕ್ ಫೈಲು, 44.1 ಕಿಲೋಹರ್ಟ್ಸ್, 16 ಬಿಟ್. ಸ್ಪೀಕರಿನಲ್ಲಿ ಹೇಗೋ ಸುಧಾರಿಸಬಹುದು. ಹೆಡ್‌ಫೋನ್ ಹಾಕಿದರೆ ಎಡಕಿವಿಯಲ್ಲಿ ಬರೀ ವಾದ್ಯ, ಬಲಕಿವಿಯಲ್ಲಿ ಬರೀ ಹಾಡು, ನಡುವೆ ಖಾಲಿ.

ಬೇಕಾದದ್ದು ಇಷ್ಟು: ಹಾಡು, ಡ್ರಮ್ಸ್, ಬೇಸ್ ನಡುವಿಗೆ, ಗಿಟಾರ್ ಸ್ವಲ್ಪ ಬದಿಗೆ. ಫೈಲನ್ನು ಇದ್ದ ಹಾಗೆಯೇ ಡೆಮಕ್ಸ್‌ಗೆ (ಹಾಡನ್ನು ಬಿಡಿ ಭಾಗಗಳಾಗಿ ಬೇರ್ಪಡಿಸುವ ಎಐ ತಂತ್ರಾಂಶ) ಕೊಟ್ಟು ನಾಲ್ಕು ಸ್ಟೆಮ್ (ಡ್ರಮ್ಸ್, ಬೇಸ್, ಹಾಡು, ಉಳಿದ ವಾದ್ಯಗಳ ‘ಅದರ್’) ತೆಗೆದಾಗ ಸಿಂಬಲ್ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಹಾಡಿನ ‘ಸ’, ‘ಷ’ ಅಕ್ಷರಗಳು ಡ್ರಮ್ಸ್ ಸ್ಟೆಮ್‌ಗೆ ಹೋಗಿ ಕೂತಿವೆ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವ ಕ್ರಮದಲ್ಲಿ ಮಾಡಬೇಕು?

ನೀರ್ಚಾಲು_ಭಾವ:

ಸ್ಟೀರಿಯೋ ಫೈಲನ್ನು ಇಡಿಯಾಗಿ ಕೊಟ್ಟದ್ದೇ ತಪ್ಪಾದದ್ದು ಭಾವ. ಆ ರೆಕಾರ್ಡಿಂಗ್ ಹೇಗೆ ಆಯಿತು ಎಂದು ಮೊದಲು ನೋಡಿ.

1963ರ ಫೆಬ್ರವರಿ 11ರಂದು ಅಬ್ಬೆ ರೋಡಿನ 2ನೇ ಸ್ಟುಡಿಯೋದಲ್ಲಿ ಒಂದೇ ದಿನ 10 ಹಾಡು ಮುಗಿಸಿದರು. ಟೇಪಿನಲ್ಲಿ ಇದ್ದದ್ದು ಎರಡೇ ಟ್ರ್ಯಾಕ್. ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ಹಾಡು. ಆಮೇಲೆ ಮೋನೋ (ಒಂದೇ ಚಾನೆಲಿನ ಶಬ್ದ) ಮಾಡುವಾಗ ಹಾಡು ಎಷ್ಟು, ವಾದ್ಯ ಎಷ್ಟು ಎಂದು ಹೊಂದಿಸಿಕೊಳ್ಳಲಿಕ್ಕೆ ಮಾಡಿಟ್ಟ ಏರ್ಪಾಡು ಅದು, ಬಿಟ್ಟರೆ ಎರಡು ಕಿವಿಗೆ ಹಂಚಲಿಕ್ಕೆ ಅಲ್ಲ. ಸ್ಟೀರಿಯೋ ಎಲ್‌ಪಿಯಲ್ಲಿ ಆ ಎರಡು ಟ್ರ್ಯಾಕುಗಳೇ ಹೆಚ್ಚುಕಡಿಮೆ ಹಾಗೆಯೇ ಎಡಕ್ಕೊಂದು ಬಲಕ್ಕೊಂದು ಹೋದವು.

ಅಂದರೆ ನಿಮಗೆ ಬೇಕಾದ ದೊಡ್ಡ ಬೇರ್ಪಡಿಕೆಯನ್ನು 1963ರಲ್ಲಿ ಟೇಪೇ ಮಾಡಿಕೊಟ್ಟಿದೆ. ಯಾವ ಮಾಡೆಲ್ಲೂ ಅಷ್ಟು ಶುದ್ಧವಾಗಿ ಮಾಡುವುದಿಲ್ಲ. ಇಂಥ ಮಾಡೆಲ್‌ಗಳು ಕಲಿತದ್ದು ಹೆಚ್ಚಾಗಿ ಹಾಡು ನಡುವಿನಲ್ಲಿರುವ ಈಚಿನ ಮಿಕ್ಸ್‌ಗಳಿಂದ. ಪೂರ್ತಿ ಬಲಕ್ಕೆ ಕೂತ ಹಾಡು ಅದಕ್ಕೆ ಪರಿಚಯದ್ದಲ್ಲ.

ಕ್ರಮ:

1) ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಟ್ರ್ಯಾಕ್ ಮೆನುವಿನಿಂದ ಸ್ಟೀರಿಯೋವನ್ನು ಎರಡು ಮೋನೋ ಮಾಡಿ. ಬಲದ್ದನ್ನು ಹಾಗೆಯೇ ಎತ್ತಿಡಿ, ಅದನ್ನು ಮಾಡೆಲ್‌ಗೆ ಕೊಡಬೇಡಿ.

2) ಎಡದ್ದನ್ನು 6 ಡೆಸಿಬೆಲ್ ಇಳಿಸಿ, 32 ಬಿಟ್ ಫ್ಲೋಟ್ ಆಗಿ ಉಳಿಸಿ. ಇಳಿಸುವುದು ಯಾಕೆಂದರೆ, ಸ್ಟೆಮ್ ಎಲ್ಲಾದರೂ ಮಿತಿ ಮೀರಿದರೆ ಡೆಮಕ್ಸ್ ತನ್ನಷ್ಟಕ್ಕೆ ಆ ಸ್ಟೆಮ್ಮನ್ನು ಮಾತ್ರ ತಗ್ಗಿಸಿಬಿಡುತ್ತದೆ. ಆಗ ನಾಲ್ಕನ್ನೂ ಮತ್ತೆ ಕೂಡಿಸಿದರೆ ಮೂಲದ ಹದ ಬರುವುದಿಲ್ಲ. ‘ಕ್ಲಿಪ್ ಮೋಡ್’ ಎಂಬಲ್ಲಿ ‘ರೀಸ್ಕೇಲ್’ ಬದಲು ‘ಕ್ಲ್ಯಾಂಪ್’ ಮಾಡಿದರೂ ಸರಿ, ಆದರೆ ಮೊದಲೇ ಇಳಿಸುವುದು ಉತ್ತಮ. ಔಟ್‌ಪುಟ್ಟೂ 32 ಬಿಟ್ ಫ್ಲೋಟ್ ಇರಲಿ.

3) ಮಾಡೆಲ್ ‘ಎಚ್‌ಟಿ ಡೆಮಕ್ಸ್ ಎಫ್‌ಟಿ’. ಪ್ರೊಸೆಸರಿನಲ್ಲೇ ಓಡಿಸಿದರೆ ಸಾದಾ ಮಾಡೆಲ್‌ಗೆ ಹಾಡಿನ ಅವಧಿಯ ಸುಮಾರು ಒಂದೂವರೆ ಪಟ್ಟು ಸಮಯ, ಎಫ್‌ಟಿಗೆ ಅದರ ನಾಲ್ಕು ಪಟ್ಟು. ಎರಡೂವರೆ ನಿಮಿಷದ ಹಾಡಿಗೆ ಕಾಲು ಗಂಟೆ ಹಿಡಿಯಿರಿ. ‘ಶಿಫ್ಟ್ಸ್’ (ಹಾಡನ್ನು ತುಸು ತುಸು ಸರಿಸಿ ಎಷ್ಟು ಸಲ ಬೇರ್ಪಡಿಸಿ ಸರಾಸರಿ ತೆಗೆಯಬೇಕು ಎಂಬುದು) 2ಕ್ಕಿಂತ ಹೆಚ್ಚು ಬೇಡ. ಸಮಯ ಅಷ್ಟೇ ಪಟ್ಟು ಹೆಚ್ಚಾಗುತ್ತದೆ, ಕಿವಿಗೆ ಸಿಗುವ ಲಾಭ ಎಳ್ಳಷ್ಟು.

4) ನಾಲ್ಕು ಸ್ಟೆಮ್ ಕೂಡಿಸಿ, 6 ಡೆಸಿಬೆಲ್ ಇಳಿಸಿದ ಎಡ ಚಾನೆಲನ್ನು ಫೇಸ್ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಅದರ ಜೊತೆ ಸೇರಿಸಿ. ಉಳಿಯುವುದೇ ಮಾಡೆಲ್ ಕಳೆದುಹಾಕಿದ ಭಾಗ. ಅದನ್ನು ಐದನೇ ಟ್ರ್ಯಾಕ್ ಆಗಿ, ಫೇಸ್ ಸರಿಮಾಡಿ, ನಡುವಿಗೆ ಹಾಕಿ. ಸಿಂಬಲಿನ ನೀರುನೀರು ಶಬ್ದ ಅರ್ಧಕ್ಕರ್ಧ ಇದರಿಂದಲೇ ಹೋಗುತ್ತದೆ.

5) ಎಡ ಚಾನೆಲಿನಿಂದಲೂ ಒಂದು ‘ಹಾಡು’ ಸ್ಟೆಮ್ ಸಿಗುತ್ತದೆ, ಸಣ್ಣಗೆ. ಅವರು ಬಾರಿಸುತ್ತಲೇ ಹಾಡಿದ್ದು, ಗಿಟಾರಿನ ಮೈಕಿಗೆ ಸ್ವರ ಬಿದ್ದಿದೆ. ಎಸೆಯಬೇಡಿ. ಅದನ್ನೂ ನಡುವಿಗೇ ತನ್ನಿ. ಬದಿಯಲ್ಲಿ ಬಿಟ್ಟರೆ ಪ್ರೇತದ ಹಾಗೆ ಒಂದು ಪ್ರತಿಧ್ವನಿ ಹಿಂಬಾಲಿಸುತ್ತದೆ.

ಪ್ಯಾನ್ (ಎಡ-ಬಲದಲ್ಲಿ ಯಾವುದು ಎಲ್ಲಿ ಎಂಬುದು): ಡ್ರಮ್ಸ್, ಬೇಸ್, ಉಳಿಕೆ, ಹಾಡು ಎಲ್ಲ ನಡುವೆ. ‘ಅದರ್’ ಸ್ಟೆಮ್ ಎಡಕ್ಕೆ 30. ಎರಡು ಗಿಟಾರ್ ಅದರೊಳಗೇ ಒಟ್ಟಿಗೆ ಇರುತ್ತವೆ, ಬೇರ್ಪಡಿಸುವ ಆಸೆ ಬಿಡಿ.

ಬದಿಯಡ್ಕ_ಬೇಸ್:

ಎಲ್ಲ ಸರಿ, ಆದರೆ ಬಲ ಚಾನೆಲನ್ನು ಹಾಗೆಯೇ ನಡುವಿಗೆ ತಂದರೆ ಸಂಕಟ ಉಂಟು. ಹಾಡಿನ ಮೈಕಿಗೆ ಡ್ರಮ್ಸ್ ಸೋರಿದೆ. ಆಟದ ರಂಗದಲ್ಲಿ ಭಾಗವತರ ಮೈಕಿಗೆ ಚೆಂಡೆ ನುಗ್ಗುವುದಿಲ್ಲವೋ, ಅದೇ ಲೆಕ್ಕ. ಎಡ-ಬಲ ಬೇರೆ ಇದ್ದಾಗ ಗೊತ್ತಾಗುವುದಿಲ್ಲ. ಎರಡನ್ನೂ ನಡುವಿಗೆ ತಂದ ಕೂಡಲೇ ಒಂದೇ ಸ್ನೇರ್ ಪೆಟ್ಟು ಎರಡು ಸಲ, ಸ್ವಲ್ಪ ಹಿಂದೆ ಮುಂದೆ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಡ್ರಮ್ಸಿನಿಂದ ಹಾಡಿನ ಮೈಕಿಗೆ ಮೂರೂವರೆ ಮೀಟರ್ ದೂರ ಎಂದುಕೊಂಡರೆ ತಡ 10 ಮಿಲಿಸೆಕೆಂಡ್. ಕೂಡಿಸಿದಾಗ 50, 150, 250 ಹರ್ಟ್ಸ್, ಹೀಗೆ 100ಕ್ಕೊಂದರಂತೆ ಗುಂಡಿ ಬೀಳುತ್ತಾ ಹೋಗುತ್ತದೆ. ಸೋರಿಕೆ ನೇರ ಶಬ್ದಕ್ಕಿಂತ 6 ಡೆಸಿಬೆಲ್ ಮಾತ್ರ ಕಡಿಮೆ ಇದ್ದರೆ ಗುಂಡಿಯ ಆಳ 6 ಡೆಸಿಬೆಲ್, ದಿಬ್ಬ ಮೂರೂವರೆ. ಸ್ನೇರ್ ತಗಡಿನ ಡಬ್ಬಿ ಆಗುತ್ತದೆ.

ಬಲ ಚಾನೆಲನ್ನೂ ಡೆಮಕ್ಸ್‌ಗೆ ಹಾಕಿ ಸೋರಿದ ಡ್ರಮ್ಸನ್ನು ಬೇರೆ ಮಾಡಿ, 8ರಿಂದ 10 ಡೆಸಿಬೆಲ್ ಇಳಿಸಿ, ಆಮೇಲೆ ಸೇರಿಸಬೇಕು ಎಂದು ನನ್ನ ಅಭಿಪ್ರಾಯ.

ನೀರ್ಚಾಲು_ಭಾವ:

ಲೆಕ್ಕ ಸರಿ, ತೀರ್ಮಾನಕ್ಕೆ ನನ್ನ ಒಪ್ಪಿಗೆ ಇಲ್ಲ. 1963ರಲ್ಲಿ ಜನ ಕೊಂಡದ್ದು ಮೋನೋ. ಆ ಮೋನೋ ಅಂದರೆ ಇದೇ ಎರಡು ಟ್ರ್ಯಾಕ್ ಕೂಡಿಸಿದ್ದು, ಸೋರಿಕೆ ಸಮೇತ. ನೀವು ಹೇಳಿದ ಗುಂಡಿ-ದಿಬ್ಬ ಎಲ್ಲ ಮೋನೋದಲ್ಲಿ ಉಂಟು. ಮೈಕ್ ಎಲ್ಲಿಡಬೇಕು ಎಂದು ಬ್ಯಾಲೆನ್ಸ್ ಎಂಜಿನಿಯರ್ ನಾರ್ಮನ್ ಸ್ಮಿತ್ ನಿರ್ಧರಿಸಿದ್ದೇ ಆ ಮೊತ್ತವನ್ನು ಕಿವಿಯಲ್ಲಿಟ್ಟುಕೊಂಡು. ಮೋನೋದಲ್ಲಿ ಸ್ನೇರ್ ಡಬ್ಬಿಯಾಗಿ ಕೇಳುತ್ತದೆ ಎಂದು ಯಾರೂ ದೂರಿದ್ದಿಲ್ಲ.

ಸೋರಿಕೆ 12 ಡೆಸಿಬೆಲ್ ಕೆಳಗಿದ್ದರೆ ಏರಿಳಿತ ಎರಡು-ಎರಡೂವರೆ ಡೆಸಿಬೆಲ್ ಅಷ್ಟೆ. ಅದೇ ಆ ಕೋಣೆಯ ಗಾಳಿ. ಅದನ್ನು ತೆಗೆದರೆ ಹಾಡುವವರು ಬಟ್ಟೆಯ ಕಪಾಟಿನೊಳಗೆ ನಿಂತು ಹಾಡಿದ ಹಾಗಾಗುತ್ತದೆ. ತೀರಾ ಜೋರಿದ್ದ ಹಾಡಿನಲ್ಲಿ 3 ಡೆಸಿಬೆಲ್ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ.

ಇನ್ನೊಂದು: ತಡವನ್ನು ಸರಿಮಾಡಲಿಕ್ಕೆ ಎಡ ಚಾನೆಲನ್ನು 10 ಮಿಲಿಸೆಕೆಂಡ್ ಹಿಂದೆ ತಳ್ಳುವ ಉಪಾಯ ಕೆಲವರು ಹೇಳುತ್ತಾರೆ. ಮಾಡಬೇಡಿ. ಡ್ರಮ್ಸ್ ಕೂಡಿಬಂದರೆ ಗಿಟಾರ್ ಆ್ಯಂಪ್ ತಪ್ಪುತ್ತದೆ. ಒಂದೊಂದೂ ಹಾಡಿನ ಮೈಕಿನಿಂದ ಬೇರೆ ಬೇರೆ ದೂರದಲ್ಲಿವೆ.

ಅಕ್ಕಲಕೋಟಿ_ಗಿಟಾರ್:

ಭಾವ ಹೇಳೂದು ಖರೇ ಅದ, ಆದ್ರ ಒಂದು ಮಾತು. ಹಾಡು ಎಷ್ಟು ಜೋರ ಇಡಬೇಕು ಅನ್ನೂದು ಯಾರೂ ಹೇಳ್ಲಿಲ್ಲರಿ. ಬಲಕ್ಕ ಒಂದ ಕಡೆ ಇದ್ದದ್ದು ಈಗ ಎರಡೂ ಕಡೆ ಬರ್ತದ. ಗಿಟಾರ್ ಮಾತ್ರ ಬದಿಗೆ ಸರೀತದ. ಹಂಗಾಗಿ ಮೊದಲಿನ ಹದ ಕೆಟ್ಟು ಹಾಡು ಮುಂದ ಬಂದು ನಿಂದ್ರತದ.

ಅದಕ್ಕ ಅಧಿಕೃತ ಮೋನೋನ ಅಳತಿಗೋಲು ಮಾಡ್ಕೋರಿ. ಮೊದಲ ನಾಲ್ಕು ಆಲ್ಬಮ್ 1987ರ ಸಿಡಿಯೊಳಗ ಮೋನೋನ ಅದಾವ. 2009ರ ಮೋನೋ ಡಬ್ಬಿನೂ (ಸಿಡಿ ಬಾಕ್ಸ್ ಸೆಟ್) ಅದ. ನಿಮ್ಮ ಮಿಕ್ಸನ್ನ ಮೋನೋಕ್ಕ ಮಡಿಚಿ, ಅದರ ಪಕ್ಕ ಅಧಿಕೃತ ಮೋನೋ ಇಟ್ಟು, ಎರಡೂ ಒಂದ ಜೋರಿಗೆ ತಂದು, ಹಾಡಿನ ಫೇಡರ್ ಅರ್ಧ ಅರ್ಧ ಡೆಸಿಬೆಲ್ ಸರಿಸ್ರಿ.

ಫೇಸ್ ತಿರುಗಿಸಿ ಪೂರಾ ಕಳೀತದೇನು ಅಂತ ನೋಡಾಕ ಹೋಗಬ್ಯಾಡ್ರಿ. ಟೇಪು ಎರಡು ಸಲ ಓಡಿದ್ರ ಎರಡು ಸಲಾನೂ ವೇಗ ಒಂದ ಇರೂದಿಲ್ಲ. ಎರಡು ಸೆಕೆಂಡ್ ಕಳೀತದ, ಆಮ್ಯಾಲ ಸುಂಯ್ ಅಂತ ಜಾರಿ ಹೋಗ್ತದ. ಕಿವಿಲೇ ಕೇಳಿ ಹೊಂದಿಸೂದು ಛಲೋ.

ಮಂಜೇಶ್ವರ_ತಟ್ಟೆ:

‘ಪ್ಲೀಸ್ ಪ್ಲೀಸ್ ಮಿ’ಯಲ್ಲಿ ಎರಡು ಹಾಡಿಗೆ ಈ ಕ್ರಮ ನಡೆಯುವುದಿಲ್ಲ. ‘ಲವ್ ಮಿ ಡು’, ‘ಪಿ.ಎಸ್. ಐ ಲವ್ ಯು’, ಎರಡೂ 1962ರ ರೆಕಾರ್ಡಿಂಗ್. ಅವುಗಳ ಎರಡು ಟ್ರ್ಯಾಕಿನ ಟೇಪ್ ಉಳಿದಿಲ್ಲ. ಹಳೆ ಸ್ಟೀರಿಯೋ ಎಲ್‌ಪಿಯಲ್ಲಿ ಮೋನೋವನ್ನೇ ಮಂದ್ರ ಒಂದು ಬದಿಗೆ, ತಾರ ಇನ್ನೊಂದು ಬದಿಗೆ ಹಾಕಿ ಸ್ಟೀರಿಯೋ ಎಂದು ಕೊಟ್ಟಿದ್ದರು. 2009ರ ಸಿಡಿಯಲ್ಲಿ ಆ ಎರಡು ಹಾಡು ಮೋನೋ. ಆಲ್ಬಮಿನಲ್ಲಿ ಇಲ್ಲದ ‘ಶಿ ಲವ್ಸ್ ಯು’ವಿನದೂ ಅದೇ ಕತೆ.

ಎಡ-ಬಲ ಬೇರ್ಪಡಿಸುವ ಮೊದಲು ಒಂದರ ಫೇಸ್ ತಿರುಗಿಸಿ ಕೂಡಿಸಿ ನೋಡಿ. ಏನೂ ಕೇಳದಿದ್ದರೆ ಅದು ಮೋನೋ ಎಂದು ತಿಳಿಯಿರಿ. ಅದಕ್ಕೆ ಪೂರ್ತಿ ಬೇರ್ಪಡಿಕೆಯೇ ಗತಿ. 2023ರ ನವೆಂಬರಿನಲ್ಲಿ ಬಂದ ಕೆಂಪು ಸಂಗ್ರಹದಲ್ಲಿ (‘1962–1966’) ‘ಲವ್ ಮಿ ಡು’, ‘ಶಿ ಲವ್ಸ್ ಯು’ ಎರಡನ್ನು ಯಂತ್ರದಿಂದ ಬೇರ್ಪಡಿಸಿ ಹೊಸ ಸ್ಟೀರಿಯೋ ಮಾಡಿದ್ದಾರೆ. ಅದನ್ನು ಒಮ್ಮೆ ಕೇಳಿ ಆಮೇಲೆ ಕೈ ಹಾಕಿ, ವೃಥಾ ಶ್ರಮ ಬೇಡ.

ಕುಂಬಳೆ_ಕೋಟೆ:

ಮಂಜೇಶ್ವರದಣ್ಣ, ಸಿಡಿಯ ಬದಲು ಎಲ್‌ಪಿಯಿಂದಲೇ ತೆಗೆದರೆ? ಕಲ್ಕತ್ತದ ದಮ್‌ದಮ್‌ನಲ್ಲಿ ಅಚ್ಚಾದ ಮೋನೋ ಎಲ್‌ಪಿ, ಜೊತೆಗೆ ಒಂದೆರಡು 78 ಆರ್‌ಪಿಎಂ ತಟ್ಟೆ ಉಂಟು. ಮಳೆಗಾಲದ ಬೂಸ್ಟು ಹಿಡಿದಿದೆ. ಸ್ಪಿರಿಟಿನಲ್ಲಿ ಒರೆಸಬಹುದಾ?

ಮಂಜೇಶ್ವರ_ತಟ್ಟೆ:

ನಿಲ್ಲಿ ನಿಲ್ಲಿ ಮಾರಾಯ್ರೇ, 78ಕ್ಕೆ ಸ್ಪಿರಿಟ್ ಮುಟ್ಟಿಸಬೇಡಿ. ಅದು ಅರಗಿನದ್ದು. ಸ್ಪಿರಿಟಿನಲ್ಲಿ ಅರಗು ಕರಗುತ್ತದೆ, ಗೆರೆ ಅಳಿಸಿಯೇ ಹೋಗುತ್ತದೆ. ಬೇರೆ ದೇಶಗಳಲ್ಲಿ 78 ನಿಂತುಹೋಗುವ ಕಾಲದಲ್ಲಿ ಗ್ರಾಮಫೋನ್ ಕಂಪನಿ ನಮ್ಮಲ್ಲಿ ಬೀಟಲ್ಸನ್ನು 78ರಲ್ಲಿ ಅಚ್ಚು ಹಾಕುತ್ತಿತ್ತು. ಕೀ ಕೊಡುವ ಗ್ರಾಮಫೋನ್ ಇನ್ನೂ ಬಳಕೆಯಲ್ಲಿತ್ತಲ್ಲ. ಈಗ ಸಂಗ್ರಾಹಕರು ಅದನ್ನು ಹುಡುಕಿಕೊಂಡು ಬರುತ್ತಾರೆ, ಜೋಪಾನ.

ಅರಗಿನ ತಟ್ಟೆಗೆ: ಡಿಸ್ಟಿಲ್ಡ್ ನೀರು, ಲೀಟರಿಗೆ ಎರಡು ಹನಿ ಬಣ್ಣ-ಪರಿಮಳ ಇಲ್ಲದ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್. ಗೆರೆಯ ದಾರಿಯಲ್ಲೇ ಉಜ್ಜಿ, ಅಡ್ಡಕ್ಕೆ ಬೇಡ. ನೆನೆಹಾಕಬೇಡಿ. ನಡುವಿನ ಲೇಬಲ್‌ಗೆ ನೀರು ತಾಗದಿರಲಿ. ಕೂಡಲೇ ಒರೆಸಿ ಒಣಗಿಸಿ.

ವಿನೈಲ್ ಎಲ್‌ಪಿಗೆ: ಡಿಸ್ಟಿಲ್ಡ್ ನೀರು 4 ಪಾಲು, ಐಸೊಪ್ರೊಪೈಲ್ 1 ಪಾಲು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಆದೀತು, ಆಸಿಡ್ ಕೊಟ್ಟಾರು, ಚೀಟಿ ಓದಿ ತನ್ನಿ. ಬಾವಿ ನೀರು ಬೇಡ. ಒಣಗಿದ ಮೇಲೆ ಅದರ ಉಪ್ಪಿನಂಶ ಗೆರೆಯಲ್ಲಿ ಉಳಿದು ಚಟಪಟ ಎನ್ನುತ್ತದೆ. ಆಟಿ ತಿಂಗಳ ಮಳೆಯಲ್ಲಿ ತೊಳೆಯುವ ಕೆಲಸ ಇಟ್ಟುಕೊಳ್ಳಬೇಡಿ, ಒಣಗುವುದೇ ಇಲ್ಲ, ಕವರಿನೊಳಗೆ ಮತ್ತೆ ಬೂಸ್ಟು. ಹಾಗೆಂದು ಅಡಿಕೆ ಹರಗಿದ ಹಾಗೆ ಅಂಗಳದ ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಬಾಗುತ್ತದೆ. ನೆರಳಿನಲ್ಲಿ, ಫ್ಯಾನಿನ ಕೆಳಗೆ, ನೆಟ್ಟಗೆ ನಿಲ್ಲಿಸಿ.

ಮುಳ್ಳು: 78ಕ್ಕೆ ಸುಮಾರು 75 ಮೈಕ್ರಾನಿನದ್ದು ಬೇಕು. ಎಲ್‌ಪಿಯ 18 ಮೈಕ್ರಾನಿನ ಮುಳ್ಳು ಹಾಕಿದರೆ ಅಗಲದ ಗೆರೆಯ ತಳಕ್ಕೆ ಇಳಿದು ಧೂಳನ್ನೇ ಓದುತ್ತದೆ. ಮೋನೋ ಎಲ್‌ಪಿಗೆ 25 ಮೈಕ್ರಾನ್ ಸರಿಯಾದದ್ದು, 18ರಲ್ಲೂ ನಡೆಯುತ್ತದೆ. ಸ್ಟೀರಿಯೋ ಕಾರ್ಟ್ರಿಜ್‌ನಲ್ಲಿ ತೆಗೆದರೆ ಎಡ-ಬಲ ಕೂಡಿಸಿ ಅರ್ಧ ಮಾಡಿ. ಮೋನೋ ಗೆರೆಯಲ್ಲಿ ಸಂಗೀತ ಇರುವುದು ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ-ಕೆಳಗಿನ ಚಲನೆಯೆಲ್ಲ ಬರೀ ಗಲಾಟೆ, ಕೂಡಿಸಿದಾಗ ಕಳೆದುಹೋಗುತ್ತದೆ.

ಒಂದು ಚಾನೆಲಿನಲ್ಲಿ ಗೀರು ಜೋರಿದ್ದರೆ ಆ ಜಾಗಕ್ಕೆ ಮಾತ್ರ ಇನ್ನೊಂದು ಬದಿಯನ್ನು ಎರಡೂ ಕಡೆಗೆ ಹಾಕಿ. ಮೋನೋ ತಟ್ಟೆಯ ದೊಡ್ಡ ಅನುಕೂಲವೇ ಇದು, ಒಂದೇ ಹಾಡಿನ ಎರಡು ಪ್ರತಿ ಇದ್ದ ಹಾಗೆ.

ಬದಿಯಡ್ಕ_ಬೇಸ್:

ಎಲ್‌ಪಿಯಿಂದ ತೆಗೆಯುವವರು ಕ್ರಮ ತಪ್ಪಿಸಬೇಡಿ. ಮೊದಲು ಚಟಪಟ ತೆಗೆಯುವುದು, ಆಮೇಲೆ ಗುಂಯ್, ಆಮೇಲೆ ಬೇರ್ಪಡಿಕೆ. ಚಟಪಟ ಹಾಗೇ ಬಿಟ್ಟು ಮಾಡೆಲ್‌ಗೆ ಕೊಟ್ಟರೆ ಪ್ರತಿ ಚಟ್ ಎಂಬುದೂ ಡ್ರಮ್ಸ್ ಸ್ಟೆಮ್‌ಗೆ ಹೋಗುತ್ತದೆ. ಅಲ್ಲಿಂದ ತೆಗೆಯಹೊರಟರೆ ಸ್ಟಿಕ್ಕಿನ ತುದಿಯ ಪೆಟ್ಟೂ ಅದರ ಜೊತೆ ಹೋಗುತ್ತದೆ.

ಗುಂಯ್ ವಿಷಯಕ್ಕೆ ಎಚ್ಚರ. ನಮ್ಮ ಕರೆಂಟಿನದು 50 ಹರ್ಟ್ಸ್. ಬೇಸ್ ಗಿಟಾರಿನ ಕೆಳಗಿನ ‘ಜಿ’ 49 ಹರ್ಟ್ಸ್. ಅಗಲದ ನಾಚ್ (ಒಂದು ಆವರ್ತನದ ಸುತ್ತ ಮಾತ್ರ ಕತ್ತರಿಸುವ ಫಿಲ್ಟರ್) ಹಾಕಿದರೆ ಆ ಒಂದು ಸ್ವರ ಮಾತ್ರ ಹಾಡಿನುದ್ದಕ್ಕೂ ಮಾಯ, ಬೇಸಿನವ ಒಂದು ಮೆಟ್ಟಿಲು ಹಾರಿದ ಹಾಗೆ. ಕ್ಯೂ (ಹೆಚ್ಚಾದಷ್ಟೂ ನಾಚ್ ಸಪೂರ) 30ಕ್ಕಿಂತ ಕಡಿಮೆ ಇಡಬೇಡಿ. 50, 100, 150 ಮೂರಕ್ಕೆ ಹಾಕಿ, ಕೇಳಿ, ಬೇಕಿದ್ದರೆ ಮಾತ್ರ ಮುಂದೆ ಹೋಗಿ. ಅದಕ್ಕೂ ಮೊದಲು, ತೆಗೆಯುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಟರ್ನ್‌ಟೇಬಲ್ಲಿನ ಅರ್ತ್ ತಂತಿಯನ್ನು ಆ್ಯಂಪಿನ ಸ್ಕ್ರೂಗೆ ಕಟ್ಟಿ. ಮುಕ್ಕಾಲು ಪಾಲು ಗುಂಯ್ ಹುಟ್ಟುವುದೇ ಇಲ್ಲ.

ಬೇರೆ ಮಾತು: ಕ್ಯಾಸೆಟನ್ನು ಒಲೆಯಲ್ಲಿ ಬಿಸಿಮಾಡಿ ಸರಿಪಡಿಸುವ ವಿದ್ಯೆ ಎಲ್ಲೋ ಓದಿ ಇಲ್ಲಿ ಹಾಕುತ್ತಾರೆ. ಅದು 70-80ರ ದಶಕದ ಕೆಲವು ಸ್ಟುಡಿಯೋ ರೀಲುಗಳಿಗೆ, ಅಂಟು ನೀರು ಹೀರಿ ಜಿಗುಟಾದವಕ್ಕೆ ಮಾತ್ರ. ಮನೆಯ ಕ್ಯಾಸೆಟಿಗೆ ಮಾಡಿದರೆ ಡಬ್ಬಿ ಕರಗಿ ಕೈಗೆ ಬರುತ್ತದೆ.

ಅಕ್ಕಲಕೋಟಿ_ಗಿಟಾರ್:

ವಿಷಯ ಸ್ವಲ್ಪ ಹೊರಳಸ್ತೀನಿ, ಸಿಟ್ಟಾಗಬ್ಯಾಡ್ರಿ. ಇದ ವಿದ್ಯಾ ಅಮೆರಿಕದ ಮೆಟಲ್ ತಂಡ ಮೆಟಾಲಿಕಾಕ್ಕ ನಡೀತದೇನು ಅಂತ ಖಾಸಗಿಯಾಗಿ ಇಬ್ಬರು ಕೇಳ್ಯಾರ. 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಾಗ ಬೇಸ್ ಕೇಳೂದಿಲ್ಲ, ಅದನ್ನ ಎತ್ತಬೇಕಂತ.

ನಡಿಯೂದಿಲ್ಲರಿ. ಯಾಕಂದ್ರ ಅಲ್ಲಿ ಬೇಸು ಹೆಚ್ಚಾಗಿ ರಿದಮ್ ಗಿಟಾರಿನ ಸಾಲನ್ನ ನುಡಸ್ತದ, ಕೆಳಗಿನ ಸಪ್ತಕದೊಳಗ. ಮಿಕ್ಸಿನೊಳಗ ಅದನ್ನ ಅಷ್ಟು ತಗ್ಗಿಸ್ಯಾರಂದ್ರ ಮಾಡೆಲ್‌ಗೆ ಬೇಸ್ ಯಾವುದು, ಗಿಟಾರಿನ ಹೊಟ್ಟಿ ಯಾವುದು ತಿಳಿಯೂದಿಲ್ಲ. ‘ಬೇಸ್’ ಸ್ಟೆಮ್ ಅಂತ ಬರೂದು ಗಿಟಾರಿನ 100-200 ಹರ್ಟ್ಸಿನ ಭಾಗ. ಅದನ್ನ 6 ಡೆಸಿಬೆಲ್ ಎತ್ತಿದ್ರ ಗಿಟಾರ್ ದಪ್ಪ ಆಗ್ತದ, ಬೇಸ್ ಬರೂದಿಲ್ಲ. ಇಲ್ಲದ್ದನ್ನ ಬೇರ್ಪಡಿಸಾಕ ಬರೂದಿಲ್ಲ, ಇದ್ದದ್ದನ್ನಷ್ಟ.

ಅಭಿಮಾನಿಗಳ ಮಿಕ್ಸಿನೊಳಗ ಬೇಸ್ ಖಣಖಣ ಕೇಳ್ತದಲ್ಲ, ಅವರು ವಿಡಿಯೋ ಗೇಮಿನ ಬಿಡಿ ಟ್ರ್ಯಾಕ್ ತಗೊಂಡವರು, ಇಲ್ಲಾ ಬೇಸ್ ತಾವ ನುಡಿಸಿ ಸೇರಿಸಿದವರು. ಗೇಮಿನ ಫೈಲಿನೊಳಗ ಡ್ರಮ್ಸು, ಬೇಸು, ಗಿಟಾರು, ಹಾಡು ಬ್ಯಾರೆ ಬ್ಯಾರೆ ಇರ್ತಾವ. ಆಡಾವ ತಪ್ಪಿದ್ರ ಆ ವಾದ್ಯ ಅಷ್ಟ ನಿಲ್ಲಬೇಕಲ್ಲ, ಅದಕ್ಕ.

2008ರ ‘ಡೆತ್ ಮ್ಯಾಗ್ನೆಟಿಕ್’ನ ಮಾತ ಬ್ಯಾರೆ. ಅಲ್ಲಿ ಸಿಡಿನ ಅಷ್ಟು ಜೋರ ಒತ್ಯಾರ, ಅಲೆಯ ತಲಿ ಕತ್ತರಿಸಿಧಂಗ ಸಪಾಟ. ಅದ ಆಲ್ಬಮು ‘ಗಿಟಾರ್ ಹೀರೋ’ ಗೇಮಿನೊಳಗ ಒತ್ತದ ಬಂತು, ಜನ ಅದನ್ನ ತಗದು ಹೋಲಿಸಿ ಗದ್ದಲ ಮಾಡಿದ್ರು. ಸಪಾಟಾದ ಸಿಡಿನ ಬೇರ್ಪಡಿಸಾಕ ಹೋದ್ರ ಕತ್ತರಿಸಿದ ತಲಿಯ ಕಿರ್ ಅನ್ನೂ ಶಬ್ದ ನಾಲ್ಕೂ ಸ್ಟೆಮ್‌ಗೆ ಹಂಚಿ ಹೋಗ್ತದ. ಮೊದಲು ಡಿಕ್ಲಿಪ್ (ಕತ್ತರಿಸಿದ ತಲಿ ಮತ್ತ ಕಟ್ಟೂದು), ಅದೂ 6 ಡೆಸಿಬೆಲ್ ಇಳಿಸಿ, ಆಮ್ಯಾಲ ಮುಂದಿಂದು.

ನೀರ್ಚಾಲು_ಭಾವ:

ಇದ್ದದ್ದನ್ನಷ್ಟೇ ಬೇರ್ಪಡಿಸಬಹುದು ಎಂಬುದಕ್ಕೆ ಒಂದು ಸೇರಿಸುತ್ತೇನೆ. 1963ರ ಅಕ್ಟೋಬರಿನಿಂದ ಬೀಟಲ್ಸ್‌ಗೆ ನಾಲ್ಕು ಟ್ರ್ಯಾಕ್ ಸಿಕ್ಕಿತು. ನಾಲ್ಕು ಬಂತಲ್ಲ, ಸುಲಭವಾದೀತು ಎಂದುಕೊಳ್ಳಬೇಡಿ. ನಮಗೆ ಕಷ್ಟವೇ ಹೆಚ್ಚು. 1966ರ ‘ರಿವಾಲ್ವರ್’ನ ‘ಟ್ಯಾಕ್ಸ್‌ಮನ್’ನಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಮೂರೂ ಒಂದೇ ಟ್ರ್ಯಾಕಿನಲ್ಲಿ. 2022ರಲ್ಲಿ ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಅದನ್ನು ರೀಮಿಕ್ಸ್ ಮಾಡಲು ಸಿನಿಮಾ ನಿರ್ದೇಶಕ ಪೀಟರ್ ಜ್ಯಾಕ್ಸನ್ ತಂಡದ ಬೇರ್ಪಡಿಕೆ ಬೇಕಾಯಿತು. ಅವರ ಕೈಯಲ್ಲಿ ಮೂಲ ಟೇಪಿತ್ತು, ನಮ್ಮ ಕೈಯಲ್ಲಿರುವುದು ಮಿಕ್ಸ್ ಆದ ಸಿಡಿ.

ಇನ್ನೊಂದು ಬಲೆ: ‘ಹೆಲ್ಪ್!’ ಮತ್ತು ‘ರಬ್ಬರ್ ಸೋಲ್’. 1987ರ ಸಿಡಿಗೆ ಜಾರ್ಜ್ ಮಾರ್ಟಿನ್ ಈ ಎರಡನ್ನೂ ಹೊಸದಾಗಿ ರೀಮಿಕ್ಸ್ ಮಾಡಿದರು. 2009ರ ಸ್ಟೀರಿಯೋ ಸಿಡಿಯಲ್ಲಿರುವುದೂ ಆ ರೀಮಿಕ್ಸೇ. ಎಡ-ಬಲ ಸೀಳಿ ಕೆಲಸ ಮಾಡಬೇಕಾದರೆ 1965ರ ಸ್ಟೀರಿಯೋ ಬೇಕು. ಅದು 2009ರ ಮೋನೋ ಡಬ್ಬಿಯ ಆ ಎರಡು ಸಿಡಿಗಳಲ್ಲಿ, ಮೋನೋ ಹಾಡುಗಳ ಬೆನ್ನಿಗೆ ಉಂಟು. ಮೋನೋ ಡಬ್ಬಿಯಲ್ಲಿ ಸ್ಟೀರಿಯೋ ಹುಡುಕಬೇಕಾದದ್ದು ತಮಾಷೆ, ಆದರೆ ಹಾಗೇ ಉಂಟು.

ಹೊಸೂರು_ಹರಟೆ:

ಸಾರ್, ಒಂದು ಅನುಮಾನ. ಮುಗಿದ ಮಿಕ್ಸನ್ನು ಇಲ್ಲಿ ಹಾಕಬಹುದಾ? ಭಾರತದಲ್ಲಿ ರೆಕಾರ್ಡಿಂಗಿಗೆ 60 ವರ್ಷ ತಾನೇ? 1963ರದು ಮುಗಿದಿರಬೇಕಲ್ಲ.

ಬದಿಯಡ್ಕ_ಬೇಸ್:

ಅರ್ಧ ಸರಿ. 1957ರ ಕಾಪಿರೈಟ್ ಕಾಯ್ದೆಯ 27ನೇ ಕಲಮಿನಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1963ರಲ್ಲಿ ಪ್ರಕಟವಾದದ್ದಕ್ಕೆ ಲೆಕ್ಕ 2023ರ ಡಿಸೆಂಬರಿಗೆ ಮುಗಿಯಿತು. ಆದರೆ ಅದು ಮುದ್ರಣದ ಹಕ್ಕು ಮಾತ್ರ. ಸಾಹಿತ್ಯ, ರಾಗಸಂಯೋಜನೆಯ ಹಕ್ಕು ಬೇರೆ, ಅದು ಬರೆದವರ ಜೀವಮಾನ ಮತ್ತು ಮೇಲೆ 60 ವರ್ಷ. ಇಬ್ಬರು ಸೇರಿ ಬರೆದದ್ದಕ್ಕೆ ಕೊನೆಗೆ ತೀರಿಕೊಂಡವರಿಂದ ಲೆಕ್ಕ. ಲೆನನ್ ಜೊತೆ ಬರೆದ ಮೆಕಾರ್ಟ್ನಿ ಇನ್ನೂ ಹಾಡುತ್ತಿದ್ದಾರೆ. ಸಾಲದ್ದಕ್ಕೆ ಬ್ರಿಟನ್ನಿನಲ್ಲಿ ಮುದ್ರಣಕ್ಕೇ 70 ವರ್ಷ. ಅಮೆರಿಕದಲ್ಲಿ ಆ ಕಾಲದ ಮುದ್ರಣಗಳು 2067ರವರೆಗೆ ಬಂದಿ. ಇಂಟರ್ನೆಟ್ಟಿಗೆ ಹಾಕಿದ್ದು ಗಡಿಯ ತಲಪಾಡಿ ಗೇಟಿನಲ್ಲಿ ನಿಲ್ಲುವುದಿಲ್ಲ.

ಅದಕ್ಕೇ ಇಲ್ಲಿ ಆಡಿಯೋ ಹಾಕುವ ಕ್ರಮ ಇಲ್ಲ. ಪಾಕವಿಧಾನ ಹಾಕಿ: ಯಾವ ಸಿಡಿ, ಯಾವ ಮಾಡೆಲ್, ಫೇಡರ್, ಪ್ಯಾನ್, ಇಕ್ಯು ಅಂಕಿಗಳು. ರೀಪರ್ (ಮಿಕ್ಸಿಂಗ್ ತಂತ್ರಾಂಶ) ಬಳಸುವವರು ಪ್ರಾಜೆಕ್ಟ್ ಫೈಲು ಹಾಕಬಹುದು, ಅದರೊಳಗೆ ಆಡಿಯೋ ಇರುವುದಿಲ್ಲ. ಅದೇ ಸಿಡಿ ಇದ್ದವರು ಮನೆಯಲ್ಲಿ ಬೇಯಿಸಿಕೊಳ್ಳುತ್ತಾರೆ.

ಹೊಸೂರು_ಹರಟೆ:

ಅರ್ಥ ಆಯ್ತು ಸಾರ್. ಇನ್ನೊಂದು: ನನ್ನ ಕ್ಯಾಸೆಟ್ ಪ್ರತಿ ಸಿಡಿಗಿಂತ ಸ್ವಲ್ಪ ವೇಗವಾಗಿ ಓಡುತ್ತೆ. ಗಿಟಾರ್ ಟ್ಯೂನರ್ ಹಿಡಿದು 440ಕ್ಕೆ (‘ಎ’ ಸ್ವರದ ಪ್ರಮಾಣ ಶ್ರುತಿ, 440 ಹರ್ಟ್ಸ್) ತಂದರೆ ಸರಿ ಹೋಗುತ್ತಾ?

ಮಂಜೇಶ್ವರ_ತಟ್ಟೆ:

ಟ್ಯೂನರ್ ನಂಬಬೇಡಿ. ಟೇಪಿನ ವೇಗವನ್ನೇ ಬದಲಿಸಿ ಮುದ್ರಿಸುವುದು ಆ ತಂಡದ ಅಭ್ಯಾಸ. 1967ರ ‘ಸಾರ್ಜೆಂಟ್ ಪೆಪ್ಪರ್’ನ ‘ಶೀಸ್ ಲೀವಿಂಗ್ ಹೋಮ್’ ಮೋನೋದಲ್ಲಿ ಸ್ಟೀರಿಯೋಗಿಂತ ವೇಗ, ಶ್ರುತಿಯೂ ಮೇಲೆ. 2017ರ ರೀಮಿಕ್ಸಿನಲ್ಲಿ ಮೋನೋದ ವೇಗವನ್ನೇ ಇಟ್ಟುಕೊಂಡರು. ‘ಸ್ಟ್ರಾಬೆರಿ ಫೀಲ್ಡ್ಸ್’ ಅಂತೂ ಬೇರೆ ಬೇರೆ ಶ್ರುತಿ, ವೇಗದ ಎರಡು ಟೇಕುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಲಿದದ್ದು. 440ಕ್ಕೆ ತಂದರೆ ಅವರ ನಿರ್ಧಾರವನ್ನೇ ಅಳಿಸಿದ ಹಾಗೆ.

ಅವಧಿ ಹೋಲಿಸಿ. ಹಾಡಿನ ಮೊದಲ ಪೆಟ್ಟಿನಿಂದ ಕೊನೆಯ ಪೆಟ್ಟಿಗೆ, ಸಿಡಿಯಲ್ಲಿ 180 ಸೆಕೆಂಡ್, ಕ್ಯಾಸೆಟಿನಲ್ಲಿ 178.2 ಇದ್ದರೆ ನಿಮ್ಮ ಡೆಕ್ ಶೇ. 1ರಷ್ಟು ವೇಗ. ಆಡಾಸಿಟಿಯಲ್ಲಿ ‘ಚೇಂಜ್ ಸ್ಪೀಡ್’ ಬಳಸಿ, ‘ಚೇಂಜ್ ಟೆಂಪೊ’ ಅಲ್ಲ. ಟೆಂಪೊ ಶ್ರುತಿಯನ್ನು ಹಾಗೇ ಇಟ್ಟು ಅಲೆಯನ್ನು ತುಂಡು ತುಂಡು ಮಾಡಿ ಹೊಲಿಯುತ್ತದೆ, ಸ್ನೇರ್ ಎರಡೆರಡಾಗುತ್ತದೆ. ಅದಕ್ಕೂ ಮೊದಲು ಹೆಡ್ಡಿನ ಕೋನ ಸರಿಮಾಡಿ. ಮೋನೋಕ್ಕೆ ಮಡಿಚಿ ಕೇಳುತ್ತಾ ಸಣ್ಣ ಸ್ಕ್ರೂ ತಿರುಗಿಸಿ, ಸಿಂಬಲ್ ಅತಿ ಸ್ಪಷ್ಟವಾದಲ್ಲಿ ನಿಲ್ಲಿಸಿ. ಕಾಲು ಸುತ್ತು ಕೂಡ ಬೇಕಾಗುವುದಿಲ್ಲ.

ಕುಂಬಳೆ_ಕೋಟೆ:

‘ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್’ ಮೇಲೆ ಎಲ್ಲ ಮಾಡಿಯಾಯಿತು. ಪಾಕ ಇಲ್ಲಿದೆ.

2009 ಸ್ಟೀರಿಯೋ ಸಿಡಿ. ಎಡ ಚಾನೆಲ್ ಮಾತ್ರ ಬೇರ್ಪಡಿಸಿದ್ದು, 6 ಡೆಸಿಬೆಲ್ ಇಳಿಸಿ, ಎಫ್‌ಟಿ ಮಾಡೆಲ್, ಶಿಫ್ಟ್ಸ್ 2. ಬಲ ಚಾನೆಲ್ಲೂ ಮಿಕ್ಸಿನಲ್ಲಿ 6 ಇಳಿಸಿದ್ದು, ಹದ ತಪ್ಪಬಾರದಲ್ಲ. ಡ್ರಮ್ಸ್ 0, ಬೇಸ್ ಮೇಲೆ 1, ಉಳಿಕೆ 0, ಎಡದಿಂದ ಬಂದ ಸಣ್ಣ ಹಾಡು 0, ಎಲ್ಲ ನಡುವೆ. ‘ಅದರ್’ ಎಡಕ್ಕೆ 30, ಮೇಲೆ 1.5. ಬಲ ಚಾನೆಲ್ ನಡುವಿಗೆ, ಮೋನೋ ಜೊತೆ ಹೋಲಿಸಿ ಇನ್ನೂ 2 ಇಳಿಸಿದೆ. ಸೋರಿಕೆ ಮುಟ್ಟಿಲ್ಲ. ಒಟ್ಟು ಜೋರು ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಮಾನ), ಟ್ರೂ ಪೀಕ್ ಮೈನಸ್ 1ರ ಒಳಗೆ, ಲಿಮಿಟರ್ ಹಾಕಿಲ್ಲ.

ಸಿಂಬಲಿನ ನೀರು ಹೋಯಿತು. ಆದರೆ ಗಿಟಾರ್ ಒಂದೇ ಎಡಕ್ಕಿದ್ದು ಬಲಭಾಗ ಬೋಳು ಎನಿಸುತ್ತದೆ. ಗಿಟಾರಿನ ಒಂದು ನಕಲನ್ನು 15 ಮಿಲಿಸೆಕೆಂಡ್ ತಡಮಾಡಿ ಬಲಕ್ಕೆ ಹಾಕಬಹುದಾ?

ನೀರ್ಚಾಲು_ಭಾವ:

ಹಾಕಬೇಡಿ. ಮೋನೋ ಸ್ಪೀಕರಿನಲ್ಲಿ, ಫೋನಿನಲ್ಲಿ ಕೇಳಿದರೆ ಎರಡು ಗಿಟಾರೂ ಕೂಡಿ, ಬದಿಯಡ್ಕದವರು ಹೇಳಿದ ಗುಂಡಿಗಳು ಬೀಳುತ್ತವೆ. ಇಲ್ಲಿ ಎರಡೂ ಸಮ ಜೋರು, ಆದ್ದರಿಂದ ಗುಂಡಿಗೆ ತಳವೇ ಇರುವುದಿಲ್ಲ. ಅದರ ಬದಲು ಗಿಟಾರಿನಿಂದ ಸಣ್ಣ ಕೋಣೆಯ ರಿವರ್ಬಿಗೆ (ಕೃತಕ ಅನುರಣನ) ಕಳಿಸಿ: ಉದ್ದ ಅರ್ಧ ಸೆಕೆಂಡ್, ಪ್ರಿಡಿಲೇ 12 ಮಿಲಿಸೆಕೆಂಡ್, 200 ಹರ್ಟ್ಸಿಗಿಂತ ಕೆಳಗಿನದನ್ನು ಮತ್ತು 6 ಕಿಲೋಹರ್ಟ್ಸಿಗಿಂತ ಮೇಲಿನದನ್ನು ಕತ್ತರಿಸಿ. ಒಣ ಶಬ್ದ ಎಡದಲ್ಲೇ ಇರಲಿ, ರಿವರ್ಬ್ ಮಾತ್ರ ಬಲಕ್ಕೆ 60, ಗಿಟಾರಿಗಿಂತ 18 ಡೆಸಿಬೆಲ್ ಕೆಳಗೆ. ರಿವರ್ಬ್ ಉಂಟೆಂದು ಗೊತ್ತಾದರೆ ಜಾಸ್ತಿಯಾಯಿತು ಎಂದು ಲೆಕ್ಕ.

ಅಕ್ಕಲಕೋಟಿ_ಗಿಟಾರ್:

ರಿವರ್ಬ್ ಇದ್ದದ್ದು, ಇಲ್ಲದ್ದು ಎರಡೂ ಮಾಡಿ ಹೋಲಿಸೂ ಮುಂದ ಜೋರು ಒಂದ ಇಡ್ರಿ, 0.2 ಡೆಸಿಬೆಲ್‌ಕಿಂತ ಹೆಚ್ಚು ಫರಕ ಬ್ಯಾಡ. ಜೋರಿದ್ದದ್ದ ಛಲೋ ಅನಸ್ತದ, ಎಲ್ಲರ ಕಿವೀನೂ ಹಂಗ. ಯಾವುದು ಯಾವುದಂತ ನೋಡಲಾರದ 16 ಸಲ ಕೇಳಿ ಗುರುತಿಸ್ರಿ. 12ಕ್ಕಿಂತ ಕಡಿಮಿ ಸರಿ ಬಂದ್ರ ನಿಮಗ ಫರಕ ಕೇಳಿಸಿಲ್ಲ ಅಂತನ ಹಿಡೀರಿ, ಆ ರಿವರ್ಬ್ ತಗದು ಹಾಕ್ರಿ.

ಕುಂಬಳೆ_ಕೋಟೆ:

10 ಸರಿ ಬಂತು. ತೆಗೆದೆ. ‘ಅದರ್’ ಅನ್ನು 30ರಿಂದ 20ಕ್ಕೆ ತಂದಾಗ ಬೋಳು ಎನಿಸುವುದೂ ಹೋಯಿತು. ಮುಂದೆ ‘ವಿತ್ ದ ಬೀಟಲ್ಸ್’.

ಬದಿಯಡ್ಕ_ಬೇಸ್:

ಅದರಲ್ಲಿ ‘ಮನಿ’ಯನ್ನು ಕೊನೆಗಿಡಿ. ಅದರ ಸ್ಟೀರಿಯೋ ಉಳಿದವುಗಳ ಹಾಗೆ ಎಡ-ಬಲ ನೇರ ಹಂಚಿದ್ದಲ್ಲ. ಸೀಳುವ ಮೊದಲು ಎರಡೂ ಬದಿಯನ್ನು ಬೇರೆ ಬೇರೆ ಕೇಳಿ, ಏನು ಎಲ್ಲಿ ಎಂದು ಬರೆದುಕೊಳ್ಳಿ.